ಕೆಂಪು ಮುಟ್ಟದ ಹಾಗೆ

ಮಾರ್ಚ್ ೩, ಸೋಮವಾರ

ಬರೆದು ರೂಢಿ ಮಾಡಿಕೊಳ್ಳಬೇಕಂತೆ. ಆಸ್ಪತ್ರೆಯಲ್ಲಿ ಮಾತು ಕಲಿಸುವವಳು ಹೇಳಿದ್ದಾಳೆ. ಅವಳ ಕೋಣೆಯ ಬಾಗಿಲಿಗೆ ಸ್ಪೀಚ್ ಥೆರಪಿಸ್ಟ್ ಎಂದು ಬೋರ್ಡಿದೆ, ನೋಡಿದರೆ ನನ್ನ ಮಗಳಿಗಿಂತ ಚಿಕ್ಕವಳು. ನಾನು ಟೀಚರಮ್ಮ ಎನ್ನುತ್ತೇನೆ. ಆಪರೇಷನ್ ಆದ ಮೇಲೆ ಸ್ವಲ್ಪ ಕಾಲ ಬರೆದೇ ಹೇಳಬೇಕಾಗುತ್ತದೆ, ಈಗಿನಿಂದಲೇ ದಿನಾ ನಾಲ್ಕು ಸಾಲು ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದಳು. ಯಾರಿಗೆ ತೋರಿಸಲಿ? ಮಗ್ಗದ ಶೆಡ್ಡಿನಲ್ಲಿ ಮೇಸ್ತ್ರಿಯಾಗಿ ಆಯುಷ್ಯ ಸವೆಸಿದವನು ನಾನು. ಸಹಿ ಹಾಕುವುದೊಂದು ಬಿಟ್ಟರೆ ಪೆನ್ನಿಗೂ ನನಗೂ ಅಷ್ಟಕ್ಕಷ್ಟೆ.

ವಿಷಯ ಇಷ್ಟು. ಗಂಟಲಲ್ಲಿ ಗಡ್ಡೆ. ಏಪ್ರಿಲ್ ಎಂಟಕ್ಕೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಈ ದನಿ ಇರುವುದಿಲ್ಲ ಎಂದರು ಡಾಕ್ಟರು. 'ಸೈರನ್' ಎಂದು ಹೆಸರು ಪಡೆದವನಿಗೆ ದನಿ ಇರುವುದಿಲ್ಲ! ಶಿಫ್ಟು ಬಿಟ್ಟಾಗ ಕೂಗುವ ಸೈರನ್ನಿಗಿಂತ ನನ್ನ ಗಂಟಲೇ ಜೋರು ಎಂದು ಶೆಡ್ಡಿನವರು ಇಟ್ಟ ಹೆಸರು ಅದು. ಅಷ್ಟೊಂದು ಮಗ್ಗಗಳು ಒಟ್ಟಿಗೆ ಓಡುವ ಕಡೆ ಪಿಸುಗುಟ್ಟಿದರೆ ಯಾರಿಗೆ ಕೇಳಿಸುತ್ತದೆ? ಆ ದನಿಯಿಂದಲೇ ಶೆಡ್ಡು ನಡೆಯಿತು, ಆ ದನಿಯಿಂದಲೇ ಈ ಮನೆಯೂ ನಡೆಯಿತು.

ಟೀಚರಮ್ಮ ಒಂದು ದಾರಿ ತೋರಿಸಿದ್ದಾಳೆ. ಮನೆಯಲ್ಲಿ ಕಂಪ್ಯೂಟರಿನ ಮೈಕಿನ ಮುಂದೆ ಕೂತು, ಅವರು ಕೊಡುವ ವಾಕ್ಯಗಳನ್ನೆಲ್ಲ ಓದಿ ರೆಕಾರ್ಡ್ ಮಾಡಿ ಕಳಿಸಬೇಕು. ಅದರಿಂದ ಯಂತ್ರ ನನ್ನದೇ ದನಿಯನ್ನು ಕಟ್ಟಿಕೊಡುತ್ತದೆ. ಆಮೇಲೆ ನಾನು ಟೈಪ್ ಮಾಡಿದ್ದನ್ನೆಲ್ಲ ಅದು ನನ್ನ ದನಿಯಲ್ಲೇ ಹೇಳುತ್ತದೆ. ಬದುಕಿದೆ ಎಂದುಕೊಂಡೆ. ಮನೆಗೆ ಬಂದವನೇ ಹೆಂಡತಿಗೂ ಮಗಳಿಗೂ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಸಂತೋಷಕ್ಕೆ ಮಾತೇ ಹೊರಡಲಿಲ್ಲ, ಪಾಪ.

ಮಾರ್ಚ್ ೫, ಬುಧವಾರ

ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ತನ್ನ ಕೋಣೆಯಲ್ಲಿ ಎಲ್ಲ ಸಜ್ಜು ಮಾಡಿದಳು. ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಬೆರಳುದ್ದದ ಮೈಕು. ಪರದೆಯ ಅಂಚಿನಲ್ಲಿ ಒಂದು ಪಟ್ಟಿ ಇದೆ. ಮಾತಾಡಿದರೆ ಏರುತ್ತದೆ, ಸುಮ್ಮನಾದರೆ ಇಳಿಯುತ್ತದೆ. ಹಸಿರಿನಲ್ಲಿ ಓಡಾಡಿಕೊಂಡಿರಬೇಕು, ಒಂದೊಂದು ಸಲ ಹಳದಿ ಮುಟ್ಟಿದರೂ ಚಿಂತೆಯಿಲ್ಲ, ಕೆಂಪು ಮಾತ್ರ ಮುಟ್ಟಬಾರದು. ಮುಟ್ಟಿದರೆ ದನಿ ಒಡೆದುಹೋಗುತ್ತದೆ. ಆಮೇಲೆ ಎಷ್ಟು ತಗ್ಗಿಸಿ ಕೇಳಿದರೂ ಒಡೆದದ್ದು ಒಡೆದದ್ದೇ.

ಮೊದಲ ವಾಕ್ಯ 'ಬಾಗಿಲು ಹಾಕು.' ಓದಿದೆ. ಪಟ್ಟಿ ಕೆಂಪಿಗೆ ಹಾರಿತು.

"ಸ್ವಲ್ಪ ಮೆತ್ತಗೆ, ಅಪ್ಪ."

"ಮೆತ್ತಗೇ ಹೇಳಿದ್ದು!"

ಅದೂ ರೆಕಾರ್ಡಾಯಿತು, ಅದೂ ಕೆಂಪು. ಅವಳು ಮೈಕಿನ ಲೆವೆಲ್ ಇಳಿಸಿದಳು, ಮೈಕನ್ನು ಹಿಂದಕ್ಕೆ ಸರಿಸಿದಳು, ನನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದಳು. ಇನ್ನೊಂದಿಷ್ಟು ಎಳೆದಿದ್ದರೆ ನಾನು ಬೀದಿಯಲ್ಲಿ ಕೂತು ಓದಬೇಕಾಗುತ್ತಿತ್ತು. ಮೈಕು ಕಳಪೆ. ಅದನ್ನೇ ಹೇಳಿದೆ. ಮಗಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು. ಹೆಂಡತಿ ಬಾಗಿಲಲ್ಲಿ ಇಣುಕಿದಳು. ಏನು ನೋಡುತ್ತೀಯ, ನೀರು ತಾ ಎಂದೆ. ಹಾಳು ಪಟ್ಟಿ ಅದಕ್ಕೂ ಕೆಂಪಾಯಿತು.

ಮಾರ್ಚ್ ೮, ಶನಿವಾರ

ಕಳಿಸಿದ್ದೆಲ್ಲ ವಾಪಸು. ಪಿತ್ತ ನೆತ್ತಿಗೇರಿ ಆಸ್ಪತ್ರೆಗೆ ಹೋದೆ. ಹೆಂಡತಿಯೂ ಬಂದಿದ್ದಳು.

ಟೀಚರಮ್ಮ ನನ್ನದೊಂದು ವಾಕ್ಯವನ್ನು ಹಾಕಿ ಕೇಳಿಸಿದಳು. 'ನನಗೆ ನೀರು ಬೇಕು.'

"ಇದನ್ನ ಕೇಳಿದ್ರೆ ನಿಮಗೇನನ್ಸುತ್ತೆ ಸರ್?"

"ನೀರು ಬೇಕು ಅನ್ಸುತ್ತೆ."

ಅವಳು ನಕ್ಕಳು. "ಮಗಳು ಲೆವೆಲ್ ಸರಿಯಾಗೇ ಇಳಿಸಿದ್ದಾರೆ. ಆದ್ರೆ ಲೆವೆಲ್ ಇಳಿಸಿದ್ರೆ ಸದ್ದು ಚಿಕ್ಕದಾಗುತ್ತೆ ಅಷ್ಟೆ, ಕೂಗು ಕೂಗಾಗೇ ಇರುತ್ತೆ. ಈ ದನೀಲಿ ಯಂತ್ರ ಕಟ್ಟಿದ್ರೆ, ಮುಂದೆ ನೀವು 'ಚಹಾ ಚೆನ್ನಾಗಿದೆ' ಅಂತ ಟೈಪ್ ಮಾಡಿದ್ರೂ ಅದು ಜಗಳಕ್ಕೆ ಬಂದವರ ಥರ ಹೇಳುತ್ತೆ. ನೀವು ಮನೇಲಿ ಊಟಕ್ಕೆ ಕೂತಾಗ ಹೇಗೆ ಮಾತಾಡ್ತೀರಿ, ಹಾಗೆ ಓದಿ ಸಾಕು."

"ಹಾಗೇ ಓದಿದ್ದು."

ಟೀಚರಮ್ಮ ಹೆಂಡತಿಯ ಕಡೆ ನೋಡಿದಳು. ಹೆಂಡತಿ ಕೈಚೀಲದ ಜಿಪ್ಪನ್ನು ಎಳೆಯುತ್ತ, ಹಾಕುತ್ತ, ಮತ್ತೆ ಎಳೆಯುತ್ತ ಕೂತಿದ್ದಳು. ನನಗೇಕೋ ಕಿವಿ ಬಿಸಿಯಾಯಿತು. ಆಸ್ಪತ್ರೆಯಲ್ಲಿ ಸೆಕೆ ಜಾಸ್ತಿ, ಕಿಟಕಿಯೇ ತೆರೆಯುವುದಿಲ್ಲ.

ಮಾರ್ಚ್ ೧೧, ಮಂಗಳವಾರ

ಇವತ್ತಿನದು ಬರೆಯಬಾರದು ಎಂದುಕೊಂಡಿದ್ದೆ.

ಮಗಳಿಗೆ ರಜೆ ಇತ್ತು, ಪಕ್ಕದಲ್ಲೇ ಕೂತು ಓದಿಸಿದಳು. ಒಂದು ಹಂತಕ್ಕೆ ಸುಸ್ತಾಗಿ ಬೆನ್ನು ಹಿಂದಕ್ಕೆ ಚಾಚಿದಳು.

"ಅಪ್ಪ, ನಿಮಗೆ ಒಂದೇ ಲೆವೆಲ್ ಇಡೋಕೇ ಆಗ್ತಿಲ್ಲ. ಕೆಲವಕ್ಕೆ ಇಳಿಸ್ಬೇಕು, ಕೆಲವಕ್ಕೆ ಪೂರ್ತಿ ಏರಿಸ್ಬೇಕು."

"ಯಾವುದಕ್ಕೆ ಏರಿಸ್ಬೇಕು? ನನ್ನ ದನಿಗೆ ಏರಿಸ್ಬೇಕಾ?"

ಅವಳು ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ಓದಿದ ವಾಕ್ಯಗಳು ಒಂದರ ಕೆಳಗೊಂದು ನಿಂತಿದ್ದವು. ಇಲ್ಲಿ ಬಾ, ಕೆಂಪು. ಎಷ್ಟು ಸಲ ಹೇಳಬೇಕು, ಕೆಂಪು. ಯಾರು ಅದು, ಕೆಂಪು. ಆಮೇಲೆ ಅಲ್ಲೊಂದು ಇಲ್ಲೊಂದು ಬೂದಿಬಣ್ಣದವು, ಎದುರಿಗೆ 'ಧ್ವನಿ ಸಾಲದು' ಎಂದು ಬರೆದವು. ನಿನಗೆ ಸುಸ್ತಾಗಿದೆಯಾ. ತಪ್ಪು ನನ್ನದು. ನೀನು ಕೂತಿರು, ನಾನು ತರುತ್ತೇನೆ. ಇವತ್ತು ನಿನ್ನ ದಿನ ಹೇಗಿತ್ತು.

ಯಂತ್ರಕ್ಕೂ ಕೇಳಿಸದಷ್ಟು ಸಣ್ಣಗೆ ಓದಿದ್ದೆ. ಬೇಕೆಂದು ಮಾಡಿದ್ದಲ್ಲ, ಆ ಮಾತುಗಳು ಬಂದಾಗ ಗಂಟಲು ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು. ಬೇರೆಯವರ ಅಂಗಿ ತೊಟ್ಟು ಮದುವೆ ಮನೆಗೆ ಹೋದ ಹಾಗಾಗುತ್ತಿತ್ತು.

"ಗಡ್ಡೆ ಇದೆಯಲ್ಲ, ಅದಕ್ಕೇ" ಎಂದೆ.

"ಇರ್ಬಹುದು" ಎಂದಳು.

ಅವಳು ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಇಬ್ಬರೂ ಸೇರಿ ಮೈಕನ್ನು ನೋಡಿದೆವು. ಆಮೇಲೆ ಅವಳೇ ಎದ್ದು, ಸಾಕು ಇವತ್ತಿಗೆ ಎಂದಳು. ಅವಳು ಹೋದ ಮೇಲೆ ಆ ಬೂದಿಬಣ್ಣದವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ನಾಚಿಕೆಯಾಯಿತು ಎಂದು ಬರೆಯಲು ಕೂಡ ನಾಚಿಕೆ.

ಮಾರ್ಚ್ ೧೨, ಬುಧವಾರ

ಏನೂ ಇಲ್ಲ.

ಮಾರ್ಚ್ ೧೫, ಶನಿವಾರ

ತಗ್ಗಿದ ದನಿಯಲ್ಲಿ ಓದಲು ಕಲಿಯುತ್ತಿದ್ದೇನೆ. ತಗ್ಗಿಸಿ ಓದಿದರೆ ಮೈಕಿನ ಲೆವೆಲ್ ಏರಿಸಬೇಕು. ಏರಿಸಿದರೆ ಮನೆಯಲ್ಲಿರುವ ಸದ್ದೆಲ್ಲ ಮೆರವಣಿಗೆ ಹೊರಟು ಬರುತ್ತದೆ. ಫ್ಯಾನು, ಫ್ರಿಜ್ಜು, ಬಚ್ಚಲಲ್ಲಿ ತೊಟ್ಟಿಕ್ಕುವ ನಲ್ಲಿ, ಎದುರು ಮನೆಯ ನಾಯಿ. ಆ ನಾಯಿಯ ಲೆವೆಲ್ ಮಾತ್ರ ಸದಾ ಚೆನ್ನಾಗಿರುತ್ತದೆ, ಹಸಿರು ದಾಟುವುದಿಲ್ಲ. ಫ್ಯಾನು ನಿಲ್ಲಿಸಿದೆವು. ಗೋಡೆಗೆ ದನಿ ಬಡಿದು ಮರಳಬಾರದೆಂದು ಕಿಟಕಿಗೂ ಬೀರುವಿಗೂ ದಪ್ಪ ಹೊದಿಕೆ ನೇತುಹಾಕಿದೆವು. ಮೈಕು ಬಾಯಿಂದ ಒಂದು ಗೇಣು ದೂರ, ಉಸಿರು ನೇರ ಬಡಿಯದಂತೆ ಸ್ವಲ್ಪ ಪಕ್ಕಕ್ಕೆ. ಬೆವರಿನಲ್ಲಿ ಮಿಂದು ಓದುತ್ತೇನೆ.

ಆದರೂ ಪ್ರತಿ ವಾಕ್ಯದ ಮೊದಲ ಪದ ಒಡೆಯುತ್ತಿತ್ತು. ಮಗಳು ಹುಡುಕಿ ಹುಡುಕಿ ಕೊನೆಗೆ ಕಾರಣ ಹಿಡಿದಳು. 'ತಾನಾಗಿ ಹೊಂದಿಸು' ಎಂಬ ಕಡೆ ಗುರುತು ಹಾಕಿತ್ತಂತೆ.

"ನೀವು ಸುಮ್ಮನಿದ್ರೆ ಇದು ಕಿವಿ ನಿಮಿರಿಸ್ಕೊಂಡು ಕಾಯುತ್ತೆ ಅಪ್ಪ, ಲೆವೆಲ್ ಏರಿಸ್ಕೊಂಡು. ನೀವು ಬಾಯಿ ಬಿಟ್ಟ ತಕ್ಷಣ ಹೆದ್ರಿ ಕುಗ್ಗುತ್ತೆ. ಅಷ್ಟರಲ್ಲಿ ಮೊದಲ ಪದ ಒಡೆದುಹೋಗಿರುತ್ತೆ."

ಹೊದಿಕೆಗೆ ಗಂಟು ಹಾಕುತ್ತಿದ್ದ ಹೆಂಡತಿ, "ಪಾಪ, ಅದಕ್ಕೂ ಅಭ್ಯಾಸ ಆಗ್ಬಿಟ್ಟಿದೆ" ಎಂದಳು. ಮಗಳು ನಕ್ಕಳು. ನಾನೂ ನಕ್ಕೆ. ಸ್ನಾನಕ್ಕೆ ಹೋದಾಗ ಅರ್ಥವಾಯಿತು. ತಲೆಗೆ ಸೋಪು ಹಚ್ಚಿಕೊಂಡವನು ಹಾಗೇ ಕೂತುಬಿಟ್ಟೆ.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ, ಲೆವೆಲ್ ಸರಿಯಿದೆಯೇ ನೋಡಲು. ಕೊನೆಯ ವಾಕ್ಯದ ಆಚೆಗೂ ಪಟ್ಟಿ ಓಡುತ್ತಲೇ ಇತ್ತು. ಸ್ನಾನಕ್ಕೆ ಎದ್ದು ಹೋಗುವಾಗ ನಿಲ್ಲಿಸಲು ಮರೆತಿದ್ದೆ.

ಕುರ್ಚಿ ಸರಿದ ಸದ್ದು. ನನ್ನ ಹೆಜ್ಜೆ. ಬಚ್ಚಲ ಬಾಗಿಲು. ಆಮೇಲೆ ಒಗೆದು ಒಣಗಿಸಿದ ಬಟ್ಟೆಯನ್ನು ಮಂಚದ ಮೇಲೆ ಹಾಕಿದ ಸದ್ದು. ಹೆಂಡತಿ, ಮಗಳು.

"ಎಲ್ಲಿಗೆ ಬಂತು?"

"ಅರ್ಧ ಆಗಿದೆ ಅಮ್ಮ."

ಬಟ್ಟೆ ಕೊಡವಿ ಮಡಚುವ ಸದ್ದು.

"ಆಪರೇಷನ್ ಆದ್ಮೇಲೆ ಮನೆ ಸ್ವಲ್ಪ ಸುಮ್ಮನಿರುತ್ತೆ ಅಂದ್ಕೊಂಡೆ ಕಣೆ. ಥೂ. ಎಂಥ ಬುದ್ಧಿ ನಂದು."

"ನಾನೂ ಅಂದ್ಕೊಂಡೆ ಅಮ್ಮ."

"ಬಾಯಿ ಬಿಟ್ಟು ಎಲ್ಲೂ ಹೇಳ್ಬೇಡ. ಪಾಪ, ಎಷ್ಟು ಆಸೆಯಿಂದ ಕೂತು ಓದ್ತಾರೆ."

ಮತ್ತೆ ಬಟ್ಟೆಯ ಸದ್ದು. ಆಮೇಲೆ ದೂರದ ಬಚ್ಚಲಿನಿಂದ, ಮುಚ್ಚಿದ ಬಾಗಿಲಿನ ಹಿಂದಿನಿಂದ ನಾನು. 'ಟವೆಲ್ ಎಲ್ಲೇ!' ಅಷ್ಟು ದೂರದಿಂದಲೂ ಪಟ್ಟಿ ಕೆಂಪು. ಅದರ ಬೆನ್ನಿಗೇ ಇನ್ನೊಂದು ಸದ್ದು, ತೀರಾ ಸಣ್ಣದು. ಏನೆಂದು ತಿಳಿಯದೆ ಮತ್ತೆ ಹಾಕಿ ಕೇಳಿದೆ. ಹೆಂಡತಿಯ ಉಸಿರು. ಗಬಕ್ಕನೆ ಒಳಗೆಳೆದುಕೊಂಡ ಉಸಿರು. ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ ಹೆಜ್ಜೆ.

ನಾನು ಕೂಗಿದಾಗಲೆಲ್ಲ ಆ ಉಸಿರು ಇದ್ದಿರಬೇಕು. ನನ್ನ ದನಿಯ ಅಡಿಯಲ್ಲಿ ನನಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಅಳಿಸಿ ಹಾಕಿದೆ. ಹೆಡ್‌ಫೋನ್ ತೆಗೆಯಲು ಭಯವಾಯಿತು, ತೆಗೆದರೆ ಮನೆಯವರ ಎದುರಿಗೆ ಹೋಗಬೇಕಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದನ್ನು ಸುಮ್ಮನೆ ಮಾತಿಗೆ ಹೇಳುತ್ತಾರೆ ಎಂದುಕೊಂಡಿದ್ದೆ.

ಮಾರ್ಚ್ ೨೦, ಗುರುವಾರ

ತಲೆನೋವು ಎಂದು ಹೇಳಿ ರೆಕಾರ್ಡ್ ಮಾಡಲಿಲ್ಲ. ಟವೆಲ್ ನಾನೇ ತೆಗೆದುಕೊಂಡೆ. ಅದು ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತದೆ.

ಮಾರ್ಚ್ ೨೩, ಭಾನುವಾರ

ಶೆಡ್ಡಿನಿಂದ ಮೂವರು ನೋಡಲು ಬಂದಿದ್ದರು, ಹಣ್ಣು ಹಿಡಿದುಕೊಂಡು. ಅವರಲ್ಲಿ ಕೊನೆಯ ಸಾಲಿನ ಮಗ್ಗ ನೋಡಿಕೊಳ್ಳುವ ಅಕ್ಕನೂ ಇದ್ದಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಬಾಯಲ್ಲೂ ಹಿರಿಯಳು. ನಾನು ಮೈಕು, ಲೆವೆಲ್ಲು, ಕೆಂಪು, ಹಸಿರು ಎಲ್ಲ ವಿವರಿಸಿದೆ. ತಮಾಷೆಯಾಗಿಯೇ ಹೇಳಿದೆ, ಏನು ಮಾಡೋದು, ಶೆಡ್ಡಿನ ಗದ್ದಲದಲ್ಲಿ ಕೂಗಿ ಕೂಗಿ ಗಂಟಲು ಹೀಗಾಗಿದೆ, ನಮ್ಮ ಕೆಲಸವೇ ಅಂಥದ್ದು ಎಂದು.

"ಯಾವ ಕೂಗು ಮೇಸ್ತ್ರಿ?" ಎಂದಳು ಅಕ್ಕ. "ಮಗ್ಗ ಓಡ್ವಾಗ ನೀವು ಕೂಗಿದ್ದು ಯಾರಿಗೆ ಕೇಳಿಸ್ತಿತ್ತು? ನಾವೆಲ್ಲ ನಿಮ್ಮ ತುಟಿ ನೋಡಿ ತಿಳ್ಕೊಳ್ತಿದ್ವಿ. ಹೊಸಬರು ಬಂದ್ರೆ ನಾನು ಮೊದಲು ಹೇಳ್ಕೊಡೋದೇ ಅದನ್ನ. ಮೇಸ್ತ್ರಿ ಬಾಯಿ ನೋಡು, ಕಿವಿ ಕೊಡ್ಬೇಡ ಅಂತ."

"ಮತ್ತೆ ಸೈರನ್ ಅಂತ ಯಾಕೆ ಕರೀತಿದ್ರಿ?"

"ಅದು ಗೇಟಿನ ಹೊರಗೆ ಬಂದ್ಮೇಲೆ ಕೇಳಿಸ್ತಿತ್ತಲ್ಲ, ಅದಕ್ಕೆ!"

ಮೂವರೂ ಬಿದ್ದು ಬಿದ್ದು ನಕ್ಕರು. ನಾನೂ ಇಂಗು ತಿಂದ ಮಂಗನ ಹಾಗೆ ಹಲ್ಲು ಬಿಟ್ಟೆ. ಅವಳು ಹೇಳಿದ್ದು ನಿಜ. ಅವರು ನನಗೆ ಹೇಳುವುದನ್ನು ನಾನೂ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಎಳೆ ತುಂಡಾಗಿದೆ, ಬೆಲ್ಟು ಸಡಿಲವಾಗಿದೆ, ಮಗುವಿಗೆ ಜ್ವರ ಬೇಗ ಬಿಡಿ, ಎಲ್ಲ ತುಟಿಯಲ್ಲೇ. ನನ್ನ ಮಾತು ಮಾತ್ರ ಮಗ್ಗಗಳ ಮೇಲೆ ಹಾರಿ ಎಲ್ಲರ ಕಿವಿಗೆ ಹೋಗುತ್ತಿದೆ ಎಂದು ಇಷ್ಟು ವರ್ಷ ನಂಬಿದ್ದೆ.

ಹೆಂಡತಿ ಚಹಾ ತಂದವಳು ಎಲ್ಲ ಕೇಳಿಸಿಕೊಂಡಳು. ಮನೆಯಲ್ಲಿ ಕೂಗಿದಾಗಲೆಲ್ಲ ಶೆಡ್ಡಿನ ಅಭ್ಯಾಸ ಎನ್ನುತ್ತಿದ್ದೆ, ಅವಳೂ ನೆಂಟರಿಗೆ ಅದನ್ನೇ ಹೇಳಿ ನನ್ನ ಮಾನ ಕಾಯುತ್ತಿದ್ದಳು. ಲೋಟವನ್ನು ಸದ್ದಾಗದಂತೆ ನನ್ನ ಮುಂದಿಟ್ಟಳು. ಅವಳು ಏನಾದರೂ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೬, ಬುಧವಾರ

ಹಳೆಯದನ್ನೆಲ್ಲ ತೆಗೆದುಹಾಕಿ ಮೊದಲಿನಿಂದ ಓದುತ್ತೇನೆ ಎಂದು ಟೀಚರಮ್ಮನಿಗೆ ಹೇಳಿದೆ. ದಿನ ಸಾಲುವುದಿಲ್ಲ ಎಂದು ಅವರಿಗೆ ಗಾಬರಿ. ಈಗ ಮಧ್ಯಾಹ್ನದ ಹೊತ್ತಿಗೆ ದನಿ ಕರಕರ ಎನ್ನುತ್ತದೆ, ಸಂಜೆಗೆ ಪೂರ್ತಿ ಕೂತುಬಿಡುತ್ತದೆ. ಬೆಳಗಿನ ಹೊತ್ತು ಮಾತ್ರ ಓದಿ, ಮೈಕಿಗೆ ಓದಬೇಡಿ, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಓದಿ ಎಂದು ಹೇಳಿಕೊಟ್ಟರು.

ಯಾರನ್ನು ಕೂರಿಸಲಿ? ಮಗಳು ಲೆವೆಲ್ ನೋಡಬೇಕು. ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಹೆಂಡತಿ ತಿರುಗಿ ನೋಡಿ, ಏನು ಬೇಕಿತ್ತು ಎಂದಳು.

"ಪುರುಸೊತ್ತಿದ್ರೆ... ಸ್ವಲ್ಪ ಬಂದು ಕೂತ್ಕೋತೀಯಾ?"

ಅವಳು ಕೈ ಒರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು, ಕರೆದರೆ ಎದ್ದು ಓಡಲು ತಯಾರಾಗಿರುವವರ ಹಾಗೆ. ಮಗಳು ಲೆವೆಲ್ ಹೊಂದಿಸಿದಳು. ನಾನು ಹೆಂಡತಿಯ ಕಡೆ ನೋಡಿ ಓದಿದೆ.

"ನಿನಗೆ ಸುಸ್ತಾಗಿದೆಯಾ?"

"ಇಲ್ಲಪ್ಪ" ಎಂದಳು.

"ಅಮ್ಮಾ! ಉತ್ತರ ಕೊಡ್ಬಾರ್ದು, ಅದೂ ರೆಕಾರ್ಡಾಗುತ್ತೆ."

"ಕೇಳಿದ್ರಲ್ಲ, ಅದಕ್ಕೆ ಹೇಳ್ದೆ."

ಮತ್ತೆ ಓದಿದೆ. ಈ ಸಲ ಅವಳು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಪಟ್ಟಿ ಹಸಿರಿನಲ್ಲಿ ಏರಿ ಹಸಿರಿನಲ್ಲೇ ಇಳಿಯಿತು. ಮಗಳು ಹೆಬ್ಬೆರಳು ಎತ್ತಿದಳು. ನಾನು ನೀರು ಕುಡಿಯುವ ನೆಪದಲ್ಲಿ ಲೋಟದ ಹಿಂದೆ ಮುಖ ಇಟ್ಟುಕೊಂಡೆ.

ಏಪ್ರಿಲ್ ೨, ಬುಧವಾರ

ಇವತ್ತು ಓದಿದ್ದು ಕಡಿಮೆ. ವಾಕ್ಯ ವಾಕ್ಯದ ನಡುವೆ ಗಂಟಲಿಗೆ ಬಿಡುವು ಕೊಡಬೇಕಾಗುತ್ತದೆ, ಆಗ ಹೆಂಡತಿ ಮಾತಾಡುತ್ತಾಳೆ. ಮೊದಲು ಒಂದೊಂದೇ ಮಾತು, ಈಗ ಧಾರಾಳ. ಎದುರು ಮನೆಯ ನಾಯಿಗೆ ಅವಳನ್ನು ಕಂಡರೆ ಮಾತ್ರ ಬಾಲ ಅಲ್ಲಾಡುತ್ತದಂತೆ, ಅದಕ್ಕೆ ದಿನಾ ಏನೋ ತಿನ್ನಿಸುತ್ತಾಳೆ, ಮಾಲೀಕರಿಗೆ ಗೊತ್ತಿಲ್ಲ. ಮಗಳ ಅಂಗಡಿಯಲ್ಲಿ ಒಬ್ಬ ಮುದುಕ ದಿನಾ ಬಂದು ತೂಕ ನೋಡಿಕೊಂಡು ಏನೂ ಕೊಳ್ಳದೆ ಹೋಗುತ್ತಾನಂತೆ. ತನ್ನ ಅಣ್ಣನಿಗೆ ಕಿವಿ ಮಂದವಾಗಿದೆಯಂತೆ, ಅವನ ಮಟ್ಟಿಗೆ ನಿಮ್ಮ ಹಳೇ ದನಿಯೇ ವಾಸಿ ಎಂದು ನಕ್ಕಳು. ಮೂಲೆಯ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ ಇವಳು ತಕ್ಕಡಿಯನ್ನು ತಿರುವಿ ತೋರಿಸಿ ಎಲ್ಲರೆದುರು ಅವನ ಮುಖಕ್ಕೆ ಮಂಗಳಾರತಿ ಎತ್ತಿದ್ದಳಂತೆ. ಅದು ಯಾವ ಕಾಲದ್ದೋ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳೋಕೆ ಜಾಗ ಎಲ್ಲಿತ್ತು ಎಂದಳು, ಕೋಪದಿಂದಲ್ಲ, ಸೂಜಿಗೆ ದಾರ ಪೋಣಿಸುತ್ತ.

ಏಪ್ರಿಲ್ ೫, ಶನಿವಾರ

ಕೊನೆಯ ಕಂತು ಕಳಿಸಿದೆವು. ಪೂರ್ತಿ ಆಗಲಿಲ್ಲ, ಆದರೆ ಇಷ್ಟು ಸಾಕು, ಲೆವೆಲ್ ಬಹಳ ಚೆನ್ನಾಗಿದೆ ಎಂದು ಟೀಚರಮ್ಮ ಹೇಳಿದರು. ಆಮೇಲೆ, ಮನೆಯವರಿಗೆ ಇದು ಬೇರೆಯವರ ದನಿ ಅನ್ನಿಸಬಹುದು ಸರ್, ಒಗ್ಗಿಕೊಳ್ಳಲು ಸಮಯ ಕೊಡಿ ಎಂದರು.

ಒಗ್ಗಿಕೊಳ್ಳುವುದು ಆಮೇಲಿನ ಮಾತು. ಮನೆ ಸುಮ್ಮನಿರುತ್ತದೆ ಎಂದು ಕಾಯುತ್ತಿರುವವರ ನಡುವೆ ಒಂದು ದನಿಯನ್ನು ಡಬ್ಬಿಯಲ್ಲಿ ತುಂಬಿ ತಂದಿಟ್ಟಿದ್ದೇನೆ. ಈ ದನಿ ನಿನಗೆ ಬೇಕಾ ಎಂದು ಹೆಂಡತಿಯನ್ನು ಕೇಳಬೇಕು. ಅವಳು ಬೇಕು ಎನ್ನುತ್ತಾಳೆ. ಇಷ್ಟು ವರ್ಷ ನನಗೆ ಅವಳು ಬೇರೆ ಉತ್ತರ ಕೊಟ್ಟದ್ದೇ ಇಲ್ಲ. ಅದಕ್ಕೇ ಕೇಳಲಿಲ್ಲ.

ಏಪ್ರಿಲ್ ೭, ಸೋಮವಾರ

ಆಸ್ಪತ್ರೆಯ ಮಂಚ. ಕೊನೆಯದಾಗಿ ಬಾಯಲ್ಲಿ ಏನು ಹೇಳಬೇಕೆಂದು ದಿನವಿಡೀ ಯೋಚಿಸಿದೆ. ದೊಡ್ಡ ದೊಡ್ಡ ಮಾತೆಲ್ಲ ಹೊಂದಿಸಿಕೊಂಡಿದ್ದೆ. ಹೆಂಡತಿ ಹೊರಡುವಾಗ, "ಬೆಳಿಗ್ಗೆ ಬೇಗ ಬರ್ತೀನಿ" ಎಂದಳು. "ಹುಷಾರಾಗಿ ಹೋಗು" ಎಂದೆ. ದನಿ ಆಗಲೇ ಕೂತಿತ್ತು. ಅವಳು ಬಾಗಿಲಲ್ಲಿ ನಿಂತು ತಲೆಯಾಡಿಸಿ ಹೋದಳು. ಅಷ್ಟೇ.

ಏಪ್ರಿಲ್ ೧೭, ಗುರುವಾರ

ನೋವು. ಕತ್ತಿನಲ್ಲಿ ತೂತು, ಉಸಿರೆಲ್ಲ ಅಲ್ಲಿಂದಲೇ. ಕೆಮ್ಮಿದರೂ ಸದ್ದಿಲ್ಲ. ನರ್ಸಮ್ಮ ಹಲೋ ಎಂದಾಗ ಬಾಯಿ ತೆರೆದೆ, ಬರೀ ಗಾಳಿ.

ಏಪ್ರಿಲ್ ೨೬, ಶನಿವಾರ

ಮನೆಗೆ ಬಂದು ನಾಲ್ಕಾರು ದಿನವಾಯಿತು. ನನ್ನ ದನಿಯನ್ನು ಹಾಕಿದ ಯಂತ್ರವನ್ನು ಮಗಳು ಊಟದ ಮೇಜಿನ ಮೇಲೆ ಇಟ್ಟಿದ್ದಾಳೆ. ಪುಸ್ತಕದಷ್ಟು ಅಗಲ, ಟೈಪ್ ಮಾಡಿ ಗುಂಡಿ ಒತ್ತಿದರೆ ಮಾತಾಡುತ್ತದಂತೆ. ನಾನು ಅದನ್ನು ಆನ್ ಮಾಡಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸುತ್ತೇನೆ. ಕೈಗೆ ಸ್ಲೇಟೇ ಸಲೀಸು ಎಂದು ಬರೆದು ತೋರಿಸಿದೆ. ಸುಳ್ಳು.

ಮನೆ ಸುಮ್ಮನಿದೆ. ಅಡುಗೆಮನೆಯಲ್ಲಿ ಹೆಂಡತಿ ಗುನುಗುತ್ತಾಳೆ, ಯಾವ ಹಾಡೂ ಅಲ್ಲ, ಬರೀ ರಾಗ. ಅವಳು ಗುನುಗುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಪಾತ್ರೆಯನ್ನು ಧೈರ್ಯವಾಗಿ ಸದ್ದು ಮಾಡಿ ಇಡುತ್ತಾಳೆ. ಅವಳು ಆಸೆಪಟ್ಟದ್ದು ಇದೊಂದೇ. ಯಂತ್ರದ ಮೇಲೆ ದಿನಪತ್ರಿಕೆ ಮುಚ್ಚಿಟ್ಟೆ.

ಮೇ ೪, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು, ಅಕ್ಷರ ವಕ್ರವಾದರೆ ಆಗಲಿ.

ಶೆಡ್ಡಿನ ಆ ಮೂವರೇ ಮತ್ತೆ ಬಂದಿದ್ದರು. ಸ್ಲೇಟು ತೆಗೆದುಕೊಳ್ಳಲು ಹೋದೆ. ಕೊನೆಯ ಸಾಲಿನ ಅಕ್ಕ ಕೈ ಬೀಸಿ, "ಅದೆಲ್ಲ ಯಾಕೆ ಮೇಸ್ತ್ರಿ, ಬಾಯಿ ಆಡ್ಸಿ ಸಾಕು" ಎಂದಳು. ಬಾಯಿ ಆಡಿಸಿದೆ. ಅವರಿಗೆ ಎಲ್ಲ ತಿಳಿಯಿತು, ಒಂದು ಮಾತೂ ತಪ್ಪದೆ. ಮಗ್ಗ ಓಡುವಾಗ ಹೇಗೋ ಹಾಗೆ. ಹೊಸ ಮೇಸ್ತ್ರಿ ಹೇಗಿದ್ದಾನೆ ಎಂದೆ, ನಿಮ್ಮಷ್ಟು ಕಿರಿಕಿರಿ ಇಲ್ಲ ಎಂದರು. ಆಸ್ಪತ್ರೆಯ ಊಟವನ್ನು ಬೈದೆ, ನಕ್ಕರು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಹೆಂಡತಿ ಬಾಗಿಲ ಬಳಿ ನಿಂತು ಒಮ್ಮೆ ನನ್ನ ಬಾಯಿ, ಒಮ್ಮೆ ಅವರ ಮುಖ ನೋಡುತ್ತಿದ್ದಳು. ಅವಳಿಗೆ ತುಟಿ ಓದಲು ಬರುವುದಿಲ್ಲ. ಯಾರೋ ಹೇಳಿದ ಜೋಕಿಗೆ ಎಲ್ಲರೂ ನಕ್ಕ ಮೇಲೆ ಅವಳೂ ನಕ್ಕಳು, ಸ್ವಲ್ಪ ತಡವಾಗಿ. ಆ ನಗು ನನಗೆ ಚೆನ್ನಾಗಿ ಗೊತ್ತು. ಅಂಥದ್ದನ್ನು ಈಚೆಗೆ ನಾನೇ ನಕ್ಕಿದ್ದೇನೆ.

ಅವರು ಹೋದರು. ನಾನು ಸ್ಲೇಟಿನ ಮೇಲೆ 'ಚಹಾ ಇದೆಯಾ' ಎಂದು ಬರೆದು ಅವಳ ಕಡೆ ಚಾಚಿದೆ.

ಸ್ಲೇಟನ್ನು ಕಿತ್ತುಕೊಂಡು ಸೋಫಾದ ಮೇಲೆ ಬಿಸಾಡಿದಳು.

"ಅವರ ಜೊತೆ ಮಾತು, ನನ್ನ ಜೊತೆ ಸ್ಲೇಟಾ?"

ಅವಳಿಂದ ಅಂಥ ದನಿ ನಾನು ಕೇಳಿರಲಿಲ್ಲ. ಎದುರು ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಕೋಣೆಯಿಂದ ಮಗಳು ಓಡಿ ಬಂದಳು.

"ಗಂಟಲು ಹರ್ಕೊಂಡು ಕೂಗೋವಾಗೆಲ್ಲ ಕೇಳಿಸ್ಕೊಂಡೆ. ಒಂದು ದಿನ ಎದ್ದು ಹೋಗ್ಲಿಲ್ಲ. ಈಗ ಮನುಷ್ಯರ ಥರ ಮಾತಾಡೋದು ಕಲಿತು, ಆ ದನೀನ ಪೇಪರ್ ಕೆಳಗೆ ಮುಚ್ಚಿಡ್ತೀರಾ? ನಾನು ಅಷ್ಟು ದಿನ ಕೆಲ್ಸ ಬಿಟ್ಟು ನಿಮ್ಮೆದುರು ಕೂತಿದ್ದು ಯಾತಕ್ಕೆ? ಗೋಡೆಗೆ ಓದಿದ್ರಾ? ನಂಗಲ್ವಾ ಓದಿದ್ದು?"

ಮಗಳು, "ಅಮ್ಮ, ಮೆಲ್ಲಗೆ" ಎಂದಳು.

"ನಾನ್ಯಾಕೆ ಮೆಲ್ಲಗೆ ಮಾತಾಡ್ಲಿ!"

ಮೈಕಿನ ಪಟ್ಟಿ ಅಲ್ಲಿದ್ದಿದ್ದರೆ ಕೆಂಪನ್ನೂ ದಾಟಿ ಹೋಗುತ್ತಿತ್ತು. ನನಗೆ ಅಳು ಬಂತು. ಈ ಕತ್ತಿನಲ್ಲಿ ಅಳುವುದಕ್ಕೂ ಸದ್ದಿಲ್ಲ. ಮನೆ ಸುಮ್ಮನಿರಲೆಂದು ಹಾಗೆ ಮಾಡಿದೆ ಎಂದು ಹೇಳಲು ಸ್ಲೇಟು ಹುಡುಕಿದೆ. ಅದು ಸೋಫಾದ ಮೇಲೆ, ಅವಳ ಹಿಂದೆ ಇತ್ತು. ಅವಳು ದಾರಿ ಬಿಡಲಿಲ್ಲ.

ಪತ್ರಿಕೆ ಸರಿಸಿ ಯಂತ್ರವನ್ನು ಆನ್ ಮಾಡಿದೆ. ಏನು ಬರೆಯಬೇಕೋ ತಿಳಿಯಲಿಲ್ಲ. ಇಷ್ಟು ದಿನ ನಾಚಿಕೆಪಟ್ಟದ್ದನ್ನೆಲ್ಲ ಒಂದೇ ಸಾಲಿನಲ್ಲಿ ಹೇಗೆ ಬರೆಯುವುದು? ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ತುದಿಯಲ್ಲಲ್ಲ, ಬೆನ್ನು ಪೂರ್ತಿ ಆನಿಸಿ. ಒಂದೊಂದೇ ಅಕ್ಷರ ಒತ್ತಿದೆ.

'ಎಲ್ಲಿಂದ ಶುರು ಮಾಡಲಿ?'

ಯಂತ್ರ ಹೇಳಿತು. ನನ್ನ ದನಿಯೇ, ಆ ಬೆಳಗಿನ ಹೊತ್ತುಗಳ ದನಿ. ಬಹಳ ಸಣ್ಣಗೆ ಬಂತು, ಆನ್ ಮಾಡುವಾಗಲೇ ವಾಲ್ಯೂಮನ್ನು ತೀರಾ ಇಳಿಸಿದ್ದೆ.

ಹೆಂಡತಿ ಮೇಜಿನ ಮೇಲೆ ಮೊಣಕೈಯೂರಿ ಮುಂದಕ್ಕೆ ಬಾಗಿದಳು.

"ಕೇಳಿಸ್ಲಿಲ್ಲ" ಎಂದಳು. "ಇನ್ನೊಂದ್ಸಲ ಹೇಳಿ."

ಮದುವೆಯಾದಾಗಿನಿಂದ ಅವಳು ನನಗೆ ಈ ಮಾತು ಹೇಳಿದ್ದು ಇದೇ ಮೊದಲು.